ಶಿರಾಡಿಯ ಮಳೆಯಲ್ಲಿ ಬರೆಯದೆ ನಿಂತ ಪೆನ್ನು

ಕಳೆದ ವರ್ಷದ ಜುಲೈ ತಿಂಗಳು. ರಾತ್ರಿ ಒಂಬತ್ತು ದಾಟಿತ್ತು. ಶಿರಾಡಿ ಘಾಟಿಯಲ್ಲಿ, ಗುಂಡ್ಯದಿಂದ ಸ್ವಲ್ಪ ಮೇಲೆ, ಒಂದು ಕಾರು ರಸ್ತೆ ಬದಿಯ ಚರಂಡಿಗೆ ಜಾರಿ ಮಗುಚಿತ್ತು. ಒಳಗಿದ್ದವರಿಗೆ ದೊಡ್ಡ ಪೆಟ್ಟೇನೂ ಆಗಿರಲಿಲ್ಲ. ಅವರನ್ನು ಆಗಲೇ ಬೇರೆ ಗಾಡಿಯಲ್ಲಿ ಕಳಿಸಿ ಆಗಿತ್ತು. ನಾನು ವಾಹನ ವಿಮೆಯ ಸರ್ವೇಯರ್. ಗಾಡಿಯನ್ನು ಎತ್ತುವ ಮೊದಲು ಸ್ಥಳ ನೋಡಿ, ಫೋಟೊ ತೆಗೆದು, ಚಾಸಿ ನಂಬರ್ ಬರೆದುಕೊಳ್ಳುವುದು ನನ್ನ ಕೆಲಸ.

ಮಳೆ ಅಂದರೆ ಆ ದಿನದ ಮಳೆ. ಕೊಡೆ ಇದ್ದೂ ಇಲ್ಲದ ಹಾಗೆ. ಫೋನಿನ ಪರದೆ ಒದ್ದೆಯಾಗಿ ಬೆರಳಿನ ಮಾತು ಕೇಳುತ್ತಿರಲಿಲ್ಲ. ಸರಿ, ಕಾಗದದ ಮೇಲೇ ಬರೆಯೋಣ ಅಂತ ಕಿಸೆಯಿಂದ ಪೆನ್ನು ತೆಗೆದೆ. ಒಂದು ಗೆರೆ ಬಂತು. ಆಮೇಲೆ ಏನೂ ಇಲ್ಲ. ಒತ್ತಿದೆ, ಉಜ್ಜಿದೆ, ಕೊಡವಿದೆ. ಕಾಗದ ಹರಿಯಿತೇ ಹೊರತು ಶಾಯಿ ಬರಲಿಲ್ಲ.

ಅದು ಸಾದಾ ಪೆನ್ನು ಆಗಿದ್ದರೆ ನನಗೆ ಅಷ್ಟು ಬೇಸರ ಆಗುತ್ತಿರಲಿಲ್ಲ. ಅದು ಟ್ಯಾಕ್ಟಿಕಲ್ ಪೆನ್. ದಪ್ಪ ಅಲ್ಯೂಮಿನಿಯಂ ಮೈ, ಕಪ್ಪು ಬಣ್ಣ, ಹಿಡಿಯುವ ಜಾಗದಲ್ಲಿ ಕೈ ಜಾರದಂತೆ ಕೊರೆದ ಚೌಕುಳಿ ಗೀರುಗಳು, ಹಿಂದೆ ಗಾಜು ಒಡೆಯುವ ಚೂಪು ಮೊನೆ. ಏಳು ವರ್ಷದ ಹಿಂದೆ ಕುವೈತ್‌ನಿಂದ ಬಂದಾಗ ಭಾವ ಕೊಟ್ಟದ್ದು. "ನೀನು ಘಾಟಿಯಲ್ಲಿ ಓಡಾಡುವವ, ನಿನಗೆ ಇದು ಬೇಕು" ಅಂದಿದ್ದರು. ಕಷ್ಟದ ಹೊತ್ತಿಗೆ ಅಂತಲೇ ಏಳು ವರ್ಷ ಹೊತ್ತು ತಿರುಗಿದ್ದೆ. ಕಷ್ಟದ ಹೊತ್ತು ಬಂದಾಗ ಅದು ಬರೆಯಲೇ ಇಲ್ಲ.

ಕೊನೆಗೆ ಕೆಳಗಿನ ಚಾದಂಗಡಿಯವರು ಲೆಕ್ಕ ಬರೆಯುವ ಪೆನ್ಸಿಲ್ ಕೊಟ್ಟರು. ಬಿಸ್ಕತ್ ಡಬ್ಬದ ರಟ್ಟಿನ ಮೇಲೆ ಅದರಲ್ಲಿ ನಂಬರ್ ಗೀಚಿಕೊಂಡೆ. ಚಾಸಿ ನಂಬರ್ ಅಂದರೆ ಹದಿನೇಳು ಅಕ್ಷರ ಮತ್ತು ಅಂಕಿ. 1 ಮತ್ತು 0 ಜೊತೆ ಗೊಂದಲ ಆಗಬಾರದು ಅಂತ ಅದರಲ್ಲಿ ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ಆದರೂ ಬಿ ಮತ್ತು 8, ಎಸ್ ಮತ್ತು 5 ಅದಲು ಬದಲಾಗುತ್ತವೆ. ಒಂದು ಅಕ್ಷರ ತಪ್ಪಿದರೂ ಗಾಡಿ ಕಳೆದುಕೊಂಡವರ ಕೈಗೆ ದುಡ್ಡು ಬರುವುದು ತಡವಾಗುತ್ತದೆ. ಹಾಗಾಗಿ ಬರವಣಿಗೆ ಸ್ಪಷ್ಟ ಇರಲೇಬೇಕು.

ಮರುದಿನ ಭಾನುವಾರ. ಬೆಳಗ್ಗೆಯೇ ಪೆನ್ನು ಬಿಚ್ಚಲು ಕೂತೆ. ಬಿಚ್ಚಲು ಆಗಲಿಲ್ಲ.

ಈ ಪೆನ್ನಿನ ಮೈ ಎರಡು ತುಂಡು. ನಡುವೆ ತಿರುಪು ಇದೆ. ತಿರುಗಿಸಿದರೆ ಮುಂಭಾಗ, ಹಿಂಭಾಗ ಬೇರೆಯಾಗಿ ರೀಫಿಲ್ ಹೊರಗೆ ಬರಬೇಕು. ಕೊನೆಯ ಸಲ ನಾನು ಅದನ್ನು ತೆರೆದು ಎರಡು ವರ್ಷವಾಗಿರಬೇಕು. ಈಗ ಎಷ್ಟು ತಿರುಗಿಸಿದರೂ ಒಂದು ನೂಲಿನಷ್ಟೂ ಅಲುಗಲಿಲ್ಲ. ಬಟ್ಟೆ ಸುತ್ತಿ ಇಕ್ಕಳದಲ್ಲಿ ಹಿಡಿದೆ. ಅದು ನನ್ನ ದೊಡ್ಡ ತಪ್ಪು. ಬಟ್ಟೆ ಹರಿದು ಇಕ್ಕಳದ ಹಲ್ಲು ಕಪ್ಪು ಮೈ ಮೇಲೆ ಎರಡು ಬೆಳ್ಳಿ ಗಾಯ ಮಾಡಿತು. ಆ ಗುರುತು ಇವತ್ತಿಗೂ ಇದೆ.

ಪುತ್ತೂರಿನಲ್ಲಿ ನನಗೆ ಪರಿಚಯದ ಒಂದು ಲೇತ್ ಅಂಗಡಿ ಇದೆ. ಅಲ್ಲಿಯ ಅಣ್ಣನಿಗೆ ಅರುವತ್ತು ದಾಟಿದೆ. ಪಂಪ್‌ಸೆಟ್ಟಿನ ಶಾಫ್ಟಿನಿಂದ ಹಿಡಿದು ಅಡಿಕೆ ಸುಲಿಯುವ ಯಂತ್ರದ ಬ್ಲೇಡಿನವರೆಗೆ ಎಲ್ಲವೂ ಅವರ ಕೈಯಲ್ಲಿ ಸರಿಯಾಗುತ್ತದೆ. ಪೆನ್ನನ್ನು ಬೆಳಕಿಗೆ ಹಿಡಿದು ನೋಡಿದರು.

"ಎಂತ ಮಾಡಿದ್ದು ಸರ್ ಇದಕ್ಕೆ? ಇಕ್ಕಳ ಹಾಕಿದ್ರಾ?"

"ಹೌದು ಅಣ್ಣ. ಬೇರೆ ದಾರಿ ಗೊತ್ತಾಗಲಿಲ್ಲ."

"ಇನ್ನು ಬಲ ಹಾಕ್ಬೇಡಿ. ಹಾಕಿದ್ರೆ ತಿರುಪು ಸೀಳ್ತದೆ. ಮತ್ತೆ ಇದು ಗುಜರಿಗೇ." ಉಗುರಿನಿಂದ ಕ್ಲಿಪ್ಪಿನ ಸ್ಕ್ರೂ ಸುತ್ತ ಕೆರೆದು ತೋರಿಸಿದರು. ಬಿಳಿ ಪುಡಿ ಉದುರಿತು. "ನೋಡಿ, ಒಳಗೆ ತಿರುಪಿನಲ್ಲಿಯೂ ಇದೇ ತುಂಬಿದೆ."

ಆ ಬಿಳಿ ಪುಡಿಯ ಕಥೆ ಸ್ವಲ್ಪ ಹೇಳಬೇಕು, ಯಾಕೆಂದರೆ ಕರಾವಳಿಯಲ್ಲಿ ಇರುವವರಿಗೆ ಇದು ಗೊತ್ತಿರಬೇಕಾದ ಸಂಗತಿ. ಅಲ್ಯೂಮಿನಿಯಂಗೆ ಕಬ್ಬಿಣದ ಹಾಗೆ ಕೆಂಪು ತುಕ್ಕು ಬರುವುದಿಲ್ಲ. ಅದರ ಮೈ ಮೇಲೆ ತಾನಾಗಿಯೇ ತೆಳುವಾದ ಆಕ್ಸೈಡ್ ಪದರ ಕೂತು ಅದನ್ನು ಕಾಪಾಡುತ್ತದೆ. ಕಾರ್ಖಾನೆಯಲ್ಲಿ ಅದೇ ಪದರವನ್ನು ವಿದ್ಯುತ್ ಹರಿಸಿ ದಪ್ಪ ಮಾಡುತ್ತಾರೆ. ಅದಕ್ಕೇ ಆನೊಡೈಸಿಂಗ್ ಅನ್ನುವುದು. ಕಪ್ಪು ಬಣ್ಣ ಆ ಪದರದ ಒಳಗೆ ಸೇರಿರುತ್ತದೆ, ಬಳಿದ ಪೇಂಟ್ ಅಲ್ಲ. ಆದರೆ ಉಪ್ಪು ಸೇರಿದ ತೇವ ಈ ಪದರವನ್ನೂ ಕೊರೆಯುತ್ತದೆ. ಬೆವರಿನಲ್ಲಿ ಉಪ್ಪು ಇದೆ. ಕಡಲ ಗಾಳಿಯಲ್ಲಿ ಉಪ್ಪು ಇದೆ. ವಾರದಲ್ಲಿ ಮೂರು ದಿನ ಮಂಗಳೂರು, ಪಣಂಬೂರು, ಮಲ್ಪೆ ಅಂತ ಓಡಾಡುವ ನನ್ನ ಕಿಸೆಯಲ್ಲಿ ಎರಡೂ ಬೇಕಾದಷ್ಟಿತ್ತು. ಅದರ ಮೇಲೆ ಅಲ್ಯೂಮಿನಿಯಂ ಮೈಗೆ ಉಕ್ಕಿನ ಸ್ಕ್ರೂ. ಎರಡು ಬೇರೆ ಬೇರೆ ಲೋಹ ತಾಗಿಕೊಂಡು ನಡುವೆ ಉಪ್ಪುನೀರು ನಿಂತರೆ ಅದು ಒಂದು ಸಣ್ಣ ಬ್ಯಾಟರಿ ಆಗುತ್ತದೆ. ಆ ಬ್ಯಾಟರಿಯಲ್ಲಿ ಸವೆಯುವುದು ಅಲ್ಯೂಮಿನಿಯಂ. ಸವೆದು ಬಿಳಿ ಪುಡಿಯಾಗುತ್ತದೆ. ಪುಡಿಗೆ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ತಿರುಪಿನ ಸಂದಿಯಲ್ಲಿ ಅದು ಉಬ್ಬಿ ಕೂತರೆ ಗಾರೆ ಹಾಕಿದ ಹಾಗೆ.

ಲೇತಿನ ಅಣ್ಣ ಹೇಳಿದ ಹಾಗೆ ಮಾಡಿದೆ. ತಿರುಪಿನ ಸಂದಿಗೆ ಡಬ್ಲ್ಯೂಡಿ-40 ಅನ್ನುವ, ಬಿಗಿದ ತಿರುಪು ಸಡಿಲಿಸುವ ಎಣ್ಣೆಯನ್ನು ಎರಡು ಸಲ ಹೊಡೆದು, ಪೆನ್ನನ್ನು ನಿಲ್ಲಿಸಿ ಇಡೀ ರಾತ್ರಿ ಬಿಟ್ಟೆ. ಬೆಳಗ್ಗೆ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಎರಡೂ ಬದಿಗೆ ಬಿಗಿಯಾಗಿ ಸುತ್ತಿದೆ. ಹೊರಗಿನ ತುಂಡನ್ನು ಮಾತ್ರ ಒಂದು ನಿಮಿಷ ಬಿಸಿನೀರಿನಲ್ಲಿ ಹಿಡಿದೆ. ಹೊರಗಿನದು ಮೊದಲು ಬಿಸಿಯಾದರೆ ಸ್ವಲ್ಪ ಹಿಗ್ಗುತ್ತದೆ. ಆಮೇಲೆ ಒಂದೇ ದಿಕ್ಕಿಗೆ ತಿರುಗಿಸದೆ, ಅತ್ತ ಸ್ವಲ್ಪ, ಇತ್ತ ಸ್ವಲ್ಪ ಅಲುಗಿಸಿದೆ. ಬಿಡಲಿಲ್ಲ. ಮತ್ತೆ ಎಣ್ಣೆ, ಮತ್ತೆ ರಾತ್ರಿ. ಮೂರನೆಯ ದಿನ ಸಣ್ಣ ಕಿರುಕ್ ಅಂತ ಸದ್ದು ಬಂತು. ಆ ಸದ್ದು ಕೇಳಿ ನನಗೆ ಆದ ಸಂತೋಷ ಹೇಳಲಾರೆ. ಟ್ಯೂಬಿನ ಹಿಡಿತದಲ್ಲಿ ಎರಡು ಬೆರಳಿನ ಬಲಕ್ಕೇ ತಿರುಪು ತೆರೆಯಿತು.

ಒಳಗೆ ನೋಡಿ ಬೇಜಾರಾಯಿತು. ಹತ್ತಿಯಂಥ ನೂಲಿನ ಕಸ, ಘಾಟಿಯ ಕೆಂಪು ಮಣ್ಣು, ಅಂಟಂಟು ಹಳದಿ ಜಿಡ್ಡು. ಆ ಜಿಡ್ಡು ನಾನೇ ಹಾಕಿದ ತೆಂಗಿನೆಣ್ಣೆ. ನಮ್ಮ ಮನೆಯಲ್ಲಿ ಬಾಗಿಲ ಕೀಲಿಗೂ ತೆಂಗಿನೆಣ್ಣೆ, ತಲೆಗೂ ಅದೇ, ದೋಸೆ ಕಾವಲಿಗೂ ಅದೇ. ಪೆನ್ನಿನ ತಿರುಪು ಬಿಗಿಯಾಗಿದೆ ಅನ್ನಿಸಿದಾಗ ಅದಕ್ಕೂ ಎರಡು ಹನಿ ಬಿಟ್ಟಿದ್ದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಹಳೆಯದಾದರೆ ಅಂಟಾಗುತ್ತದೆ. ಧೂಳು ಬಂದು ಅದಕ್ಕೆ ಕೂತರೆ ಉಜ್ಜುವ ಕಾಗದದ ಗುಣ ಬರುತ್ತದೆ. ರೀಫಿಲ್ಲಿನ ಹಿಂದಿದ್ದ ಸ್ಪ್ರಿಂಗು ಕೆಂಪಾಗಿತ್ತು. ರೀಫಿಲ್ಲಿನ ತುದಿಯಲ್ಲಿ ಮರಳು ಕೂತಿತ್ತು.

ಈಗ ತೊಳೆಯುವ ಕೆಲಸ. ಊಟದ ಬಟ್ಟಲಿನಂಥ ಅಂಚು ಇರುವ ಸ್ಟೀಲ್ ಪಾತ್ರೆಯಲ್ಲಿ ಬಿಳಿ ಬಟ್ಟೆ ಹಾಸಿ ಅದರ ಮೇಲೇ ಎಲ್ಲ ಬಿಚ್ಚಿದೆ. ಬಿದ್ದದ್ದು ಉರುಳಿ ಹೋಗಬಾರದಲ್ಲ. ಪ್ರತಿ ತುಂಡು ತೆಗೆದಾಗಲೂ ಫೋನಿನಲ್ಲಿ ಒಂದು ಫೋಟೊ. ಮಗಳು ಪಕ್ಕದಲ್ಲಿ ಕೂತು ಎಣಿಸಿದಳು. ಮುಚ್ಚಳ, ಕ್ಲಿಪ್ಪು, ಅದರ ಎರಡು ಸ್ಕ್ರೂ, ಮೈಯ ಎರಡು ತುಂಡು, ಮುಚ್ಚಳದ ತಿರುಪಿಗೆ ಇರುವ ರಬ್ಬರ್ ಓ-ರಿಂಗ್, ಸ್ಪ್ರಿಂಗ್, ರೀಫಿಲ್, ಗಾಜು ಒಡೆಯುವ ಮೊನೆ. ಒಟ್ಟು ಹತ್ತು.

ಕ್ಲಿಪ್ಪಿನ ಸ್ಕ್ರೂ ಬಿಚ್ಚುವುದೇ ಇನ್ನೊಂದು ಪಾಡು. ನಕ್ಷತ್ರದ ಆಕಾರದ ತಲೆ, ಟಾರ್ಕ್ಸ್ ಟಿ-6. ಕೈಗೆ ಸಿಕ್ಕಿದ ಸಪಾಟು ಸ್ಕ್ರೂ ಡ್ರೈವರ್ ತುರುಕಿದರೆ ತಲೆ ಸವೆದುಹೋಗುತ್ತದೆ. ಮೊಬೈಲ್ ರಿಪೇರಿ ಮಾಡುವ ಹುಡುಗನಿಂದ ಸರಿಯಾದ ಬಿಟ್ ತಂದೆ. ಆದರೂ ಬಿಡಲಿಲ್ಲ. ಕಂಪನಿಯಲ್ಲಿ ಸ್ಕ್ರೂ ಸಡಿಲವಾಗದಂತೆ ಥ್ರೆಡ್‌ಲಾಕರ್ ಅನ್ನುವ ಅಂಟು ಹಾಕಿರುತ್ತಾರೆ. ಅದು ಬಿಸಿಗೆ ಮೆದುವಾಗುತ್ತದೆ. ಅದೇ ಹುಡುಗ ತನ್ನ ಸೋಲ್ಡರಿಂಗ್ ಕಡ್ಡಿಯ ತುದಿಯನ್ನು ಸ್ಕ್ರೂ ತಲೆಗೆ ಅರ್ಧ ನಿಮಿಷ ಮುಟ್ಟಿಸಿ ಹಿಡಿದ. ಆಮೇಲೆ ತಿರುಗಿಸಿದರೆ ಬೆಣ್ಣೆಯಲ್ಲಿ ಚಮಚ ತಿರುಗಿದ ಹಾಗೆ ಬಂತು.

ನಾನು ಉಗುರುಬೆಚ್ಚಗಿನ ನೀರು ತೆಗೆದುಕೊಳ್ಳುವಾಗ ಅಮ್ಮ ಬಂದು ನೋಡಿದರು. "ಇದೆಂತ ಇಷ್ಟು ಕೊಳೆ! ಕೊಡು, ದೀಪಕ್ಕೆ ಹುಳಿ ಹಾಕಿ ತಿಕ್ಕುತ್ತಾ ಇದ್ದೇನೆ. ಇದನ್ನೂ ತಿಕ್ಕಿ ಫಳಫಳ ಮಾಡಿ ಕೊಡುತ್ತೇನೆ."

"ಬೇಡ ಅಮ್ಮ, ಹಿತ್ತಾಳೆ ಅಲ್ಲ ಇದು" ಅಂತ ಪೆನ್ನು ಹಿಂದಕ್ಕೆ ಎಳೆದುಕೊಂಡೆ. ಅಮ್ಮನ ಹುಣಸೆಹುಳಿ ಹಿತ್ತಾಳೆಗೆ, ತಾಮ್ರಕ್ಕೆ ಒಳ್ಳೆಯದೇ. ಆದರೆ ಆನೊಡೈಸ್ ಪದರಕ್ಕೆ ಹುಳಿಯೂ ಆಗದು, ಕ್ಷಾರವೂ ಆಗದು. ಎರಡೂ ಅದನ್ನು ತಿನ್ನುತ್ತವೆ. ಕ್ಷಾರದ ಪಾಠ ನನಗೆ ಮೊದಲೇ ಆಗಿತ್ತು. ಮೂರು ವರ್ಷದ ಹಿಂದೆ ಪ್ಯಾಂಟಿನ ಕಿಸೆಯಲ್ಲೇ ಉಳಿದ ಪೆನ್ನು ವಾಷಿಂಗ್ ಮೆಷಿನ್ನಿಗೆ ಹೋಗಿತ್ತು. ಬಟ್ಟೆ ಒಗೆಯುವ ಪುಡಿಯಲ್ಲಿ ಸೋಡಾ ಇರುತ್ತದೆ. ಮೇಲಾಗಿ ಬಿಸಿನೀರು. ಹೊರಗೆ ಬರುವಾಗ ಕಪ್ಪು ಮೈಯ ಒಂದು ಬದಿ ಬೂದಿ ಬಣ್ಣಕ್ಕೆ ತಿರುಗಿತ್ತು. ಹಾಗೆ ಹೋದ ಬಣ್ಣ ಮನೆಯಲ್ಲಿ ಮತ್ತೆ ಬರಿಸಲು ಸಾಧ್ಯವಿಲ್ಲ.

ಹಾಗಾಗಿ ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ನಾಲ್ಕೇ ಹನಿ. ಹದಿನೈದು ನಿಮಿಷ ನೆನೆಯಲು ಬಿಟ್ಟೆ. ರೀಫಿಲ್ಲನ್ನು ಮಾತ್ರ ನೀರಿಗೆ ಹಾಕಲಿಲ್ಲ. ಆಮೇಲೆ ಮಗಳ ಹಳೆಯ ಮೆದು ಟೂತ್‌ಬ್ರಷ್‌ನಿಂದ ಗೀರುಗಳ ಉದ್ದಕ್ಕೆ ಉಜ್ಜಿದೆ. ಆ ಚೌಕುಳಿ ಗೀರುಗಳಲ್ಲಿ ಕೂತ ಕೊಳೆ ಅಂದರೆ ಕೈಯ ಜಿಡ್ಡು, ಬೆವರು, ಮಣ್ಣು ಸೇರಿ ಒಣಗಿದ ಹೆಪ್ಪು. ಬ್ರಷ್ಷಿಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಗುಂಡುಸೂಜಿಯಲ್ಲಿ ಕೆರೆಯಲು ಹೊರಟಿದ್ದೆ. ಆಗ ಹಿಡಿಸೂಡಿ ಕಣ್ಣಿಗೆ ಬಿತ್ತು. ತೆಂಗಿನ ಗರಿಯ ಕಡ್ಡಿ ಒಂದನ್ನು ಎಳೆದು ತುದಿಯನ್ನು ಓರೆಯಾಗಿ ಕತ್ತರಿಸಿದೆ. ಇದಕ್ಕಿಂತ ಒಳ್ಳೆಯ ಸಾಧನ ಯಾವ ಅಂಗಡಿಯಲ್ಲೂ ಸಿಗದು ಅಂತ ನನ್ನ ಅಭಿಪ್ರಾಯ. ಕೊಳೆ ಕೆತ್ತುವಷ್ಟು ಗಟ್ಟಿ, ಲೋಹಕ್ಕೆ ಗೀರು ಬೀಳದಷ್ಟು ಮೆದು, ತುದಿ ಸವೆದರೆ ಇನ್ನೊಂದು ಸಲ ಕತ್ತರಿಸಿದರಾಯಿತು. ಒಂದು ಗೀರಿನಿಂದ ಇನ್ನೊಂದಕ್ಕೆ, ಒಂದು ಗಂಟೆ ಹಿಡಿಯಿತು. ಬಟ್ಟಲಿನ ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿತು.

ಒಳಗಿನ ಕೊಳವೆಗೆ ಹಲ್ಲಿನ ಸಂದಿ ಉಜ್ಜುವ ಪುಟ್ಟ ಬ್ರಷ್ ಬಳಸಿದೆ. ತಿರುಪಿನ ಎಳೆಗಳಲ್ಲಿ ಉಳಿದ ಎಣ್ಣೆ ಜಿಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್, ಕಿವಿಗೆ ಹಾಕುವ ಹತ್ತಿ ಕಡ್ಡಿಯಲ್ಲಿ. ಕೊರೊನಾ ಕಾಲದ ಸ್ಯಾನಿಟೈಸರ್ ಬಾಟಲಿ ಮನೆಯಲ್ಲಿ ಇದೆಯಲ್ಲ, ಅದೇ ಆಗುತ್ತದೆ ಅಂದುಕೊಳ್ಳಬೇಡಿ. ಕೈ ಒಣಗದಿರಲಿ ಅಂತ ಅದಕ್ಕೆ ಗ್ಲಿಸರಿನ್ ಸೇರಿಸಿರುತ್ತಾರೆ. ಆಲ್ಕೊಹಾಲ್ ಆರಿದ ಮೇಲೆ ಗ್ಲಿಸರಿನ್ ಉಳಿದು ಅಂಟುತ್ತದೆ. ಮೊಬೈಲ್ ಅಂಗಡಿಗಳಲ್ಲಿ ಐಪಿಎ ಅಂತ ಕೇಳಿದರೆ ಶುದ್ಧವಾದದ್ದು ಸಿಗುತ್ತದೆ. ಪೇಂಟ್ ಥಿನ್ನರ್ ಮಾತ್ರ ಹತ್ತಿರ ತರಬೇಡಿ. ರಬ್ಬರ್ ರಿಂಗ್ ಹಾಳಾಗುತ್ತದೆ.

ಆಟಿ ತಿಂಗಳ ಮಳೆಯಲ್ಲಿ ನಮ್ಮೂರಲ್ಲಿ ಏನು ತಾನೆ ಒಣಗುತ್ತದೆ? ಬಟ್ಟೆಯೇ ವಾರ ಒಣಗುವುದಿಲ್ಲ. ಒದ್ದೆಯಾದ ಫೋನನ್ನು ಅಕ್ಕಿ ಡಬ್ಬದಲ್ಲಿ ಹಾಕುವ ಹಾಗೆ ಇದನ್ನೂ ಹಾಕು ಅಂತ ಮನೆಯಲ್ಲಿ ಹೇಳಿದರು. ಅಕ್ಕಿಯ ಹಿಟ್ಟು ತಿರುಪಿನೊಳಗೆ ಹೋಗುತ್ತದೆ, ಅದಕ್ಕೆ ಬೇಡ ಅಂದೆ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ನಾನು ಎಸೆಯುವುದಿಲ್ಲ. ಗಾಳಿ ಆಡದ ಡಬ್ಬದಲ್ಲಿ ಅಂಥ ಆರು ಪೊಟ್ಟಣ, ಅವುಗಳ ನಡುವೆ ಪೆನ್ನಿನ ತುಂಡುಗಳು. ಒಂದು ರಾತ್ರಿ, ಒಂದು ಹಗಲು. ಪೂರ್ತಿ ಒಣಗಿತ್ತು.

ಆ ಡಬ್ಬದಲ್ಲಿ ಇಡುವ ಮೊದಲು ಗಾಜು ಒಡೆಯುವ ಮೊನೆಯನ್ನು ಭೂತಗನ್ನಡಿಯಲ್ಲಿ ನೋಡಿದ್ದೆ. ಅದು ಟಂಗ್‌ಸ್ಟನ್ ಕಾರ್ಬೈಡ್. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರ 10 ಆದರೆ ಇದು ಸುಮಾರು 9. ಗಾಜು ಐದೂವರೆಯ ಆಸುಪಾಸು. ಸೋಜಿಗ ಅಂದರೆ, ಪೆನ್ನಿನ ಇನ್ನೊಂದು ತುದಿಯಲ್ಲಿ ಶಾಯಿ ಉರುಳಿಸುವ ಆ ಸಾಸಿವೆಗಿಂತ ಚಿಕ್ಕ ಗುಂಡು ಇರುತ್ತದಲ್ಲ, ಒಳ್ಳೆಯ ರೀಫಿಲ್ಲುಗಳಲ್ಲಿ ಅದೂ ಟಂಗ್‌ಸ್ಟನ್ ಕಾರ್ಬೈಡೇ. ಒಂದು ತುದಿ ಬರೆಯಲು, ಒಂದು ತುದಿ ಒಡೆಯಲು, ಎರಡಕ್ಕೂ ಒಂದೇ ವಸ್ತು. ಆದರೆ ಗಡಸು ವಸ್ತು ಸಾಮಾನ್ಯವಾಗಿ ಪೆಡಸೂ ಹೌದು. ಕಲ್ಲಿಗೆ, ಸಿಮೆಂಟಿಗೆ ಕುಟ್ಟಿ ಪರೀಕ್ಷೆ ಮಾಡಿದರೆ ಚೂರು ಹಾರುತ್ತದೆ. ಮೊನೆ ಮೊಂಡಾದರೆ ಏಟು ಒಂದೇ ಬಿಂದುವಿಗೆ ಬೀಳುವುದಿಲ್ಲ. ಕೆಲವರು ಆಟಕ್ಕೆ ಅಂತ ಪೆನ್ನನ್ನು ನೆಲಕ್ಕೆ ಕುಟ್ಟುತ್ತಾರೆ, ಅದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ನನ್ನ ಮೊನೆ ಸರಿ ಇತ್ತು, ಆದರೆ ಅದರ ಬುಡದ ತಿರುಪು ಸಡಿಲ ಆಗಿತ್ತು. ಇನ್ನು ಕೆಲವು ತಿಂಗಳಲ್ಲಿ ಎಲ್ಲೋ ಬಿದ್ದುಹೋಗುತ್ತಿತ್ತು, ನನಗೆ ಗೊತ್ತೂ ಆಗುತ್ತಿರಲಿಲ್ಲ.

ಇಂಥ ಪೆನ್ನಿನ ಹಿಂದಿನ ಕಥೆ ಹೊಡೆದಾಟದ್ದು. ಜಪಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಕರಾಟೆ ಗುರು ತಕಾಯುಕಿ ಕುಬೊಟಾ 1970ರ ದಶಕದಲ್ಲಿ ಕುಬೊಟಾನ್ ಅನ್ನುವ ಸಣ್ಣ ದೊಣ್ಣೆಯನ್ನು ಅಲ್ಲಿಯ ಪೊಲೀಸರಿಗೆ ಕಲಿಸಿದರು. ಬೀಗದಕೈ ಗೊಂಚಲಿಗೆ ಸಿಕ್ಕಿಸುವಷ್ಟು ಉದ್ದದ ಕೋಲು ಅದು. ಟ್ಯಾಕ್ಟಿಕಲ್ ಪೆನ್ನಿನ ಆಕಾರ ಅದರ ನೆಂಟನೇ. ಹೊಡೆದಾಟದ ಭಾಗ ನನಗೆ ಬೇಡ. ನನ್ನ ಲೆಕ್ಕದಲ್ಲಿ ಇದು ಮಳೆಯಲ್ಲಿ ಬರೆಯಲಿಕ್ಕೆ, ನೀರಿಗೆ ಬಿದ್ದ ಕಾರಿನ ಗಾಜು ಒಡೆಯಲಿಕ್ಕೆ. ವಿಮಾನದಲ್ಲಿ ಹೋಗುವಾಗ ಕೈಚೀಲದಲ್ಲಿ ಇಟ್ಟುಕೊಳ್ಳಲೂ ಬೇಡಿ, ತಪಾಸಣೆಯಲ್ಲಿ ತೆಗೆದುಕೊಂಡುಬಿಡುತ್ತಾರೆ. ನಾನು ದೊಡ್ಡ ಬ್ಯಾಗಿನೊಳಗೆ ಹಾಕಿ ಕಳಿಸುತ್ತೇನೆ.

ಗಾಜಿನ ವಿಷಯ ಬಂತಲ್ಲ, ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಕಾರಿನ ಮುಂದಿನ ಗಾಜನ್ನು ಈ ಪೆನ್ನಿನಿಂದ ಒಡೆಯಲು ಹೋಗಬೇಡಿ. ಅದು ಲ್ಯಾಮಿನೇಟೆಡ್ ಗಾಜು. ಎರಡು ಗಾಜಿನ ಹಾಳೆಯ ನಡುವೆ ಪ್ಲಾಸ್ಟಿಕ್ ಪದರ. ಬಿರುಕು ಬಿಡುತ್ತದೆ, ಬೀಳುವುದಿಲ್ಲ. ಸಾಮಾನ್ಯವಾಗಿ ಪಕ್ಕದ ಬಾಗಿಲಿನದು ಟೆಂಪರ್ಡ್ ಗಾಜು. ಅದರ ಹೊರಮೈ ಒತ್ತಡದಲ್ಲಿ, ಒಳಭಾಗ ಎಳೆತದಲ್ಲಿ ಇರುತ್ತದೆ. ಆ ಹೊರಮೈಯನ್ನು ಒಂದು ಬಿಂದುವಿನಲ್ಲಿ ದಾಟಿದರೆ ಸಾಕು, ಇಡೀ ಗಾಜು ಕಲ್ಲುಸಕ್ಕರೆಯ ಹಾಗೆ ಚೂರಾಗಿ ಸುರಿಯುತ್ತದೆ. ಈಗಿನ ಕೆಲವು ದುಬಾರಿ ಕಾರುಗಳಲ್ಲಿ ಪಕ್ಕದ ಗಾಜೂ ಲ್ಯಾಮಿನೇಟೆಡ್. ಗಾಜಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಯಾವ ಜಾತಿಯದು ಅಂತ ಬರೆದಿರುತ್ತಾರೆ. ನಿಮ್ಮ ಕಾರಿನದು ಒಮ್ಮೆ ನೋಡಿಟ್ಟುಕೊಳ್ಳಿ.

ಮೊನೆಯ ಬುಡ ಬಿಗಿ ಮಾಡಿದ ಮೇಲೆ ಗುಜರಿ ಅಂಗಡಿಗೆ ಹೋಗಿ, ಅಲ್ಲಿಯವರ ಒಪ್ಪಿಗೆ ಪಡೆದು, ಹಳೆಯ ಬಾಗಿಲಿನ ಗಾಜೊಂದರ ಮೇಲೆ ಪರೀಕ್ಷೆ ಮಾಡಿದೆ. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗ್ಲೌಸ್. ನಡುವಿಗೆ ಹೊಡೆದರೆ ಗಾಜು ಬಗ್ಗಿ ಏಟು ನುಂಗುತ್ತದೆ, ಅದಕ್ಕೆ ಮೂಲೆಯ ಹತ್ತಿರ ಹೊಡೆದೆ. ಒಂದೇ ಏಟು. ಸದ್ದು ಕೂಡ ಅಷ್ಟು ದೊಡ್ಡದಿರಲಿಲ್ಲ. ಗಾಜು ಒಮ್ಮೆಗೇ ಬೆಳ್ಳಗಾಗಿ ಕುಸಿಯಿತು. ಹದಿನೆಂಟು ವರ್ಷದಿಂದ ಒಡೆದ ಗಾಜು ನೋಡುತ್ತಾ ಬಂದಿದ್ದೇನೆ. ಒಡೆಯುವ ಆ ಗಳಿಗೆಯನ್ನು ನೋಡಿದ್ದು ಅದೇ ಮೊದಲು. ನೀರು ತುಂಬುತ್ತಿರುವ ಕಾರಿನೊಳಗೆ ಕೂತವರಿಗೆ ಆ ಒಂದು ಏಟು ಎಷ್ಟು ದೊಡ್ಡದು ಅಂತ ಯೋಚಿಸುತ್ತಾ ಮನೆಗೆ ಬಂದೆ.

ಇನ್ನು ಜೋಡಿಸುವುದು. ಕ್ಲಿಪ್ಪಿನ ಹಳೆಯ ಸ್ಕ್ರೂಗಳನ್ನು ಎಸೆದೆ. 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ ಹುಡುಕಿ ತಂದೆ. ಅದರಲ್ಲಿ ಸ್ವಲ್ಪ ಮಾಲಿಬ್ಡಿನಂ ಲೋಹ ಇರುವುದರಿಂದ ಸಾಮಾನ್ಯ 304 ದರ್ಜೆಯದಕ್ಕಿಂತ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ. ಸ್ಕ್ರೂ ಎಳೆಗಳನ್ನು ಆಲ್ಕೊಹಾಲಿನಲ್ಲಿ ಒರೆಸಿ, ನೀಲಿ ಥ್ರೆಡ್‌ಲಾಕರನ್ನು ಕಡ್ಡಿಯ ತುದಿಯಲ್ಲಿ ಎಳ್ಳಿನಷ್ಟು ಹಚ್ಚಿದೆ. ಎಳೆಯಲ್ಲಿ ಜಿಡ್ಡು ಉಳಿದರೆ ಅದು ಹಿಡಿಯುವುದಿಲ್ಲ. ಕೆಂಪು ಬಣ್ಣದ್ದು ತರಬೇಡಿ, ಅದು ಮತ್ತೆ ಬಿಚ್ಚಬಾರದ ಜಾಗಕ್ಕೆ. ಹಚ್ಚಿದ ಮೇಲೆ ಒಂದು ದಿನ ಮುಟ್ಟಬಾರದು. ಗಾಜು ಒಡೆಯುವ ಮೊನೆಯ ಬುಡಕ್ಕೂ ಇದನ್ನೇ ಹಾಕಿದ್ದೆ.

ನಡುವಿನ ತಿರುಪಿಗೆ ಮತ್ತು ಓ-ರಿಂಗಿಗೆ ಸಿಲಿಕೋನ್ ಗ್ರೀಸ್. ಬೆರಳ ತುದಿಯಲ್ಲಿ ಅಕ್ಕಿಕಾಳಿನಷ್ಟು ತೆಗೆದು, ಎಳೆಗಳ ಮೇಲೆ ತೆಳುವಾಗಿ ಹರಡಿ, ಎರಡು ಸಲ ತಿರುಗಿಸಿ, ಹೊರಗೆ ಬಂದದ್ದನ್ನು ಒರೆಸಿದೆ. ನನ್ನ ಪೆನ್ನಿನ ಮುಚ್ಚಳಕ್ಕೆ ಓ-ರಿಂಗ್ ಇದೆ, ನಡುವಿನ ತಿರುಪಿಗೆ ಇಲ್ಲ. ನೀರು ಒಳಗೆ ಹೋದದ್ದು ಅಲ್ಲಿಂದಲೇ. ಅಲ್ಲಿ ಗ್ರೀಸೇ ಗೋಡೆ. ಟೈಟಾನಿಯಂ ಪೆನ್ನು ಇದ್ದವರು ಈ ಕೆಲಸ ಇನ್ನೂ ತಪ್ಪಿಸಬಾರದು. ಟೈಟಾನಿಯಂ ತುಕ್ಕು ಹಿಡಿಯದು ನಿಜ, ಆದರೆ ಒಣ ತಿರುಪಿನಲ್ಲಿ ಟೈಟಾನಿಯಂ ಟೈಟಾನಿಯಂಗೆ ಉಜ್ಜಿದರೆ ಒಂದಕ್ಕೊಂದು ಕಚ್ಚಿ ಹಿಡಿಯುತ್ತದೆ. ಇಕ್ಕಳದ ಗಾಯ ಮತ್ತು ಬೂದಿಯಾದ ಬದಿಗೆ ಕಾರಿಗೆ ಹಚ್ಚುವ ವ್ಯಾಕ್ಸ್ ಹಚ್ಚಿದೆ. ರಬ್ಬಿಂಗ್ ಕಾಂಪೌಂಡ್ ಅಲ್ಲ, ಅದರಲ್ಲಿ ಉಜ್ಜುವ ಪುಡಿ ಇರುತ್ತದೆ.

ರೀಫಿಲ್ಲಿನ ತಪ್ಪೂ ನನ್ನದೇ. ಭಾವ ಕೊಡುವಾಗ ಇದರಲ್ಲಿ ಒತ್ತಡದ ರೀಫಿಲ್ ಇತ್ತು. ಅದು ಮುಗಿದಾಗ ಅಂಗಡಿಯಲ್ಲಿ ಸಿಕ್ಕಿದ ಸಾದಾ ರೀಫಿಲ್ ಹಾಕಿದ್ದೆ. ಪಾರ್ಕರ್ ಮಾದರಿಯ ಅಳತೆ ಆದ್ದರಿಂದ ಸರಿಯಾಗಿಯೇ ಕೂತಿತ್ತು. ಸಾದಾ ಬಾಲ್‌ಪೆನ್ನಿನಲ್ಲಿ ಶಾಯಿ ತನ್ನ ಭಾರಕ್ಕೆ ಕೆಳಗೆ ಇಳಿಯುತ್ತದೆ. ಕಾಗದದ ಮೇಲೆ ನೀರಿನ ಪದರ ಇದ್ದರೆ ಗುಂಡು ಜಾರುತ್ತದೆ, ಉರುಳುವುದಿಲ್ಲ. ಒತ್ತಡದ ರೀಫಿಲ್ ಕಂಡುಹಿಡಿದವರು ಅಮೆರಿಕದ ಪಾಲ್ ಫಿಶರ್, 1965ರಲ್ಲಿ. ಮುಚ್ಚಿದ ಕೊಳವೆಯೊಳಗೆ ಸಾರಜನಕ ಅನಿಲ ತುಂಬಿ ಶಾಯಿಯನ್ನು ಹಿಂದಿನಿಂದ ನೂಕುತ್ತಾರೆ. ಒತ್ತಡ ಸುಮಾರು 35 ಪಿಎಸ್‌ಐ. ನಮ್ಮ ಕಾರಿನ ಟಯರಿಗೆ ಹಾಕುವ ಗಾಳಿಯಷ್ಟು! ಶಾಯಿ ಗಟ್ಟಿ ಅಂಟಿನ ಹಾಗಿದ್ದು, ಗುಂಡು ಉರುಳಿದಾಗ ಮಾತ್ರ ತೆಳುವಾಗುತ್ತದೆ. 1968ರ ಅಕ್ಟೋಬರಿನಲ್ಲಿ ಅಪೊಲೊ 7ರಲ್ಲಿ ಈ ಪೆನ್ನು ಬಾಹ್ಯಾಕಾಶಕ್ಕೆ ಹೋಯಿತು. ಅಮೆರಿಕದವರು ಕೋಟಿಗಟ್ಟಲೆ ಸುರಿದು ಪೆನ್ನು ಮಾಡಿದರು, ರಷ್ಯಾದವರು ಪೆನ್ಸಿಲ್ ಬಳಸಿದರು ಅಂತ ಒಂದು ಕಥೆ ವಾಟ್ಸಾಪಿನಲ್ಲಿ ಓಡಾಡುತ್ತದಲ್ಲ, ಅದು ಸುಳ್ಳು. ಫಿಶರ್ ತಮ್ಮದೇ ದುಡ್ಡಿನಲ್ಲಿ ಮಾಡಿದರು. ನಾಸಾ 400 ಪೆನ್ನು ಖರೀದಿಸಿತು. 1969ರಲ್ಲಿ ಸೋವಿಯತ್ ಒಕ್ಕೂಟವೂ ಅದನ್ನೇ ಕೊಂಡಿತು.

ಅದೇ ಬಗೆಯ ರೀಫಿಲ್ ತರಿಸಿದೆ. ಸಾದಾ ರೀಫಿಲ್ಲಿಗಿಂತ ದುಡ್ಡು ತುಂಬಾ ಜಾಸ್ತಿ. ಜೊತೆಗೆ ಬರುವ ಸಣ್ಣ ಪ್ಲಾಸ್ಟಿಕ್ ಟೋಪಿಯನ್ನು ಹಿಂದೆ ಸಿಕ್ಕಿಸಿದರೆ ಪಾರ್ಕರ್ ಮಾದರಿಯ ಪೆನ್ನಿಗೆ ಸರಿಹೊಂದುತ್ತದೆ. ಆ ಟೋಪಿಯನ್ನು ಕಸ ಅಂತ ಎಸೆಯಬೇಡಿ. ಒತ್ತಡ ಇರುವುದರಿಂದ ತುದಿಯಲ್ಲಿ ಆಗಾಗ ಶಾಯಿಯ ಚುಕ್ಕೆ ಕಟ್ಟುತ್ತದೆ. ಬರೆಯುವ ಮೊದಲು ಒಮ್ಮೆ ಕಾಗದಕ್ಕೆ ಒರೆಸಿಕೊಂಡರೆ ಕಲೆ ಬೀಳುವುದಿಲ್ಲ.

ಈಗ ಮಳೆಗಾಲದ ಪ್ರತಿ ತಿಂಗಳ ಮೊದಲ ಭಾನುವಾರ ನಡುವಿನ ತಿರುಪು ತೆರೆದು ನೋಡುತ್ತೇನೆ. ಎರಡೇ ನಿಮಿಷದ ಕೆಲಸ. ಕಡಲ ಬದಿಗೆ ಹೋಗಿ ಬಂದ ದಿನ ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಒಮ್ಮೆ ಒರೆಸುತ್ತೇನೆ. ಪೂರ್ತಿ ಬಿಚ್ಚಿ ತೊಳೆಯುವುದು ವರ್ಷಕ್ಕೆ ಎರಡು ಸಲ, ಮೇ ಕೊನೆಗೆ ಮತ್ತು ಅಕ್ಟೋಬರಿನಲ್ಲಿ. ಅಮೃತಾಂಜನದ ಹಳೆಯ ಬಾಟಲಿಯಲ್ಲಿ ಎರಡು ಓ-ರಿಂಗು, ಎರಡು ಸ್ಕ್ರೂ ಹಾಕಿ ಕಾರಿನಲ್ಲಿ ಇಟ್ಟಿದ್ದೇನೆ.

ಜೋಡಿಸಿ ಮುಗಿದ ಸಂಜೆ ಅಂಗಳದಲ್ಲಿ ಜೋರು ಮಳೆ. ಮಗಳು ನನ್ನ ಚೀಲದಿಂದ ಆ ಬಿಸ್ಕತ್ ಡಬ್ಬದ ರಟ್ಟು ಹುಡುಕಿ ತಂದಳು. ನಾನು ಒಂದು ಹಳೆಯ ಸರ್ವೆ ಹಾಳೆಯನ್ನು ಬೇರೊಂದು ರಟ್ಟಿಗೆ ಕ್ಲಿಪ್ ಹಾಕಿ, ಮಾಡಿನ ನೀರು ಸುರಿಯುವಲ್ಲಿ ಹಿಡಿದೆ. ಹಾಳೆ ಪೂರ್ತಿ ತೊಯ್ದಿತು. ಅವಳು ಜಗಲಿಯಲ್ಲಿ ನಿಂತು ಪೆನ್ಸಿಲ್ಲಿನ ನಂಬರನ್ನು ಒಂದೊಂದೇ ಓದಿದಳು. ನಾನು ನೀರಿನ ಕೆಳಗೆ ಬರೆಯುತ್ತಾ ಹೋದೆ. ಹದಿನೇಳೂ ಬಂತು. ಎಂಟನೆಯದು ಬಿ ಅಕ್ಷರವೋ 8ರ ಅಂಕಿಯೋ ಅಂತ ಮಳೆಯ ಸದ್ದಿನಲ್ಲಿ ಅವಳು ಕೂಗಿ ಕೇಳಿದಳು. ಹಾಳೆಯನ್ನು ಅವಳ ಕಡೆಗೆ ತಿರುಗಿಸಿ ತೋರಿಸಿದೆ.

"ಬಿ ಅಪ್ಪ, ಇಲ್ಲಿಂದಲೇ ಕಾಣ್ತದೆ" ಅಂದಳು.